‘ಪತ್ತೆ ದೂರ’ವೇ ಗುಂಡು ಹಾರಿಸುವ ದೂರವಲ್ಲ

ಮಾನ್ಯ ಸಂಪಾದಕರೇ,

ಕುರಿ, ಕೋಳಿಗಳ ಮೇಲೆರಗುವ ನರಿ, ಉತ್ತರ ಅಮೆರಿಕದ ತೋಳದ ಜಾತಿಯ ಕೊಯೋಟ್‌ಗಳಂತಹ ಪ್ರಾಣಿಗಳ ಬೇಟೆಗೆ ಕಾನೂನು ಅನುಮತಿಸುವ ಕಡೆಗಳಲ್ಲಿ ರಾತ್ರಿ ಹೊತ್ತು ಕಾಯುವವರು ಈಗ ಪ್ರಖರ ದೀಪವನ್ನು ಬದಿಗಿಟ್ಟು ಮೈಬಿಸಿಯನ್ನು ಕಾಣಿಸುವ ಥರ್ಮಲ್ ಅಥವಾ ಮಂದ ಬೆಳಕಿನಲ್ಲೂ ನೋಡಬಲ್ಲ ಡಿಜಿಟಲ್ ನೈಟ್ ವಿಷನ್ ಸ್ಕೋಪನ್ನು (ಗುರಿ ನೋಡುವ ದುರ್ಬೀನನ್ನು) ಕೋವಿಗೆ ಜೋಡಿಸಿಕೊಳ್ಳುತ್ತಿದ್ದಾರೆ. ಇಂತಹ ಬೇಟೆ ಬೇಕೇ ಬೇಡವೇ ಎಂಬುದು ಬೇರೆಯೇ ಚರ್ಚೆ. ನನ್ನ ತಕರಾರು ಥರ್ಮಲ್ ಸ್ಕೋಪ್‌ಗಳ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವ ‘ಪತ್ತೆ ದೂರ’, ಅಂದರೆ ಅಲ್ಲೇನೋ ಇದೆ ಎಂದು ಸ್ಕೋಪ್ ತೋರಿಸಬಲ್ಲ ಗರಿಷ್ಠ ದೂರ, ಎಂಬ ಅಂಕಿಯ ಬಗ್ಗೆ ಮಾತ್ರ.

ಒಂದು, ಎರಡು ಕಿಲೋಮೀಟರು ಎಂದೆಲ್ಲ ಹೇಳುವ ಆ ಅಂಕಿಯ ಹಿಂದಿರುವ ಲೆಕ್ಕ ಹಳೆಯದು. ಅಮೆರಿಕದ ಸೇನೆಯ ವಿಜ್ಞಾನಿ ಜಾನ್ ಜಾನ್ಸನ್ 1958ರಲ್ಲಿ ಮಂಡಿಸಿದ ಮಾನದಂಡಗಳನ್ನು ಚಿತ್ರದ ಚುಕ್ಕೆಗಳಾದ ಇಂದಿನ ಪಿಕ್ಸೆಲ್‌ಗಳಿಗೆ ಹೊಂದಿಸಿ ಹೇಳುವುದಾದರೆ, ಅಲ್ಲೇನೋ ಇದೆ ಎಂದು ಪತ್ತೆಹಚ್ಚಲು ಆಕೃತಿಯ ಕಿರಿದಾದ ಅಳತೆಯ ಮೇಲೆ ಎರಡು ಪಿಕ್ಸೆಲ್, ಅದು ಯಾವ ಬಗೆಯದೆಂದು ತಿಳಿಯಲು ಎಂಟು, ಇಂಥದ್ದೇ ಎಂದು ಗುರುತಿಸಲು ಸುಮಾರು ಹದಿಮೂರು ಪಿಕ್ಸೆಲ್ ಬೇಕು. ಅಷ್ಟಿದ್ದರೂ ಸರಿಯಾಗಿ ಹೇಳುವ ಸಾಧ್ಯತೆ ಅರ್ಧಕ್ಕರ್ಧ ಮಾತ್ರ ಎಂಬುದು ಆ ಮಾನದಂಡದಲ್ಲೇ ಅಡಗಿರುವ ಮಾತು. ಜಾಹೀರಾತು ಬರೆಯುವವರು ಇದನ್ನು ಹೇಳುವುದಿಲ್ಲ.

ಒಳ್ಳೆಯ ದರ್ಜೆಯದೆನ್ನಬಹುದಾದ, 12 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಅಳತೆಯ ಪಿಕ್ಸೆಲ್‌ಗಳು ಅಡ್ಡಸಾಲಿಗೆ 640ರಂತೆ ಇರುವ ಸೆನ್ಸರ್ ಮತ್ತು 50 ಮಿಲಿಮೀಟರ್ ಮಸೂರವಿರುವ ಸ್ಕೋಪನ್ನೇ ತೆಗೆದುಕೊಳ್ಳೋಣ. 300 ಮೀಟರ್ ದೂರದಲ್ಲಿ ಅದರ ಒಂದೊಂದು ಪಿಕ್ಸೆಲ್ ಏಳು ಸೆಂಟಿಮೀಟರಿಗೂ ತುಸು ಹೆಚ್ಚು ಜಾಗವನ್ನು ಆವರಿಸುತ್ತದೆ. ಹೆಗಲವರೆಗೆ ಸುಮಾರು 40 ಸೆಂಟಿಮೀಟರ್ ಎತ್ತರದ ನರಿ ಅಲ್ಲಿ ಐದಾರು ಪಿಕ್ಸೆಲ್‌ಗಳ ಬಿಳಿ ಮಚ್ಚೆಯಾಗಿ ಕಾಣುತ್ತದೆ. ಅದೇ ಮಚ್ಚೆ ಕಾವಲು ನಾಯಿಯೂ ಆಗಬಹುದು, ಹಿಂಡು ತಪ್ಪಿಸಿಕೊಂಡ ಕುರಿಮರಿಯೂ ಆಗಬಹುದು. ಡಿಜಿಟಲ್ ಜೂಮ್ ಒತ್ತಿದರೆ ಮಚ್ಚೆ ದೊಡ್ಡದಾಗುತ್ತದೆಯೇ ಹೊರತು ಹೊಸ ವಿವರವೇನೂ ಸೇರುವುದಿಲ್ಲ.

ಥರ್ಮಲ್ ಸ್ಕೋಪಿನ ಶಕ್ತಿಯನ್ನು ನಾನು ಅಲ್ಲಗಳೆಯುತ್ತಿಲ್ಲ. ವಸ್ತುಗಳಿಂದ ಸಹಜವಾಗಿ ಹೊಮ್ಮುವ 8ರಿಂದ 14 ಮೈಕ್ರಾನ್ ತರಂಗಾಂತರದ ಅವಗೆಂಪು ಕಿರಣವನ್ನು ಹಿಡಿಯುವುದರಿಂದ ಅದಕ್ಕೆ ಬೆಳದಿಂಗಳೂ ಬೇಡ, ದೀಪವೂ ಬೇಡ. ಹುಲ್ಲಿನ ನಡುವೆ ಮಲಗಿರುವ ಪ್ರಾಣಿಯ ಕಿವಿಯಷ್ಟೇ ಹೊರಗಿದ್ದರೂ ಅದು ಹೊಳೆಯುತ್ತದೆ. ಆದರೆ ಸುತ್ತಲಿನ ಗಾಳಿಯಷ್ಟೇ ತಣ್ಣಗಿರುವ ಬೇಲಿಯ ತಂತಿ, ಗುಂಡಿನ ದಿಕ್ಕನ್ನೇ ಬದಲಿಸಬಲ್ಲ ಒಣ ರೆಂಬೆ ಅದರ ತೆರೆಯ ಮೇಲೆ ಬಹಳಷ್ಟು ಸಲ ಮೂಡುವುದೇ ಇಲ್ಲ. ಸೂರ್ಯೋದಯ, ಸೂರ್ಯಾಸ್ತದ ಆಸುಪಾಸಿನಲ್ಲಿ ನೆಲ, ಕಲ್ಲು, ಪೊದೆಗಳ ಉಷ್ಣತೆ ಒಂದೇ ಮಟ್ಟಕ್ಕೆ ಬಂದಾಗ ಹಿನ್ನೆಲೆಯೆಲ್ಲ ಕಲಸಿಹೋಗುತ್ತದೆ. ಮಳೆ, ಮಂಜಿನಲ್ಲೂ ಹೀಗೆಯೇ. ಪ್ರಾಣಿಯ ಹಿಂದೆ ಗುಂಡನ್ನು ತಡೆಯುವ ದಿಬ್ಬವಿದೆಯೋ, ಬಯಲಿದೆಯೋ ಎಂಬುದು ಆಗ ತಿಳಿಯದು.

ಡಿಜಿಟಲ್ ನೈಟ್ ವಿಷನ್ ಇದಕ್ಕೆ ತದ್ವಿರುದ್ಧ. ಅದು ಕ್ಯಾಮೆರಾದಂತೆ ಪ್ರತಿಫಲಿತ ಬೆಳಕನ್ನು ನೋಡುವುದರಿಂದ ಬಾಲದ ಕೂದಲು, ಮುಖದ ಗುರುತು, ನಡುವಿನ ತಂತಿ ಎಲ್ಲವನ್ನೂ ತೋರಿಸಬಲ್ಲದು. ಕಗ್ಗತ್ತಲಲ್ಲಿ ಮಾತ್ರ ಅವಗೆಂಪು ದೀಪದ ಆಸರೆ ಬೇಕೇ ಬೇಕು: 850 ನ್ಯಾನೊಮೀಟರಿನದಾದರೆ ದೂರ ತಲುಪುತ್ತದೆ, ಆದರೆ ದೀಪದ ಮೂತಿ ಮಂದವಾಗಿ ಕೆಂಪಗೆ ಕಾಣುತ್ತದೆ, 940ರದು ಕಣ್ಣಿಗೆ ಬೀಳುವುದಿಲ್ಲ, ಅಷ್ಟು ದೂರವೂ ಹೋಗುವುದಿಲ್ಲ. ಮಂಜಿನಲ್ಲಿ ಆ ಬೆಳಕು ನಮ್ಮತ್ತಲೇ ಚದುರಿ ತೆರೆ ಬೆಳ್ಳಗಾಗುತ್ತದೆ. ಹೊಳೆಯುವ ಎರಡು ಕಣ್ಣುಗಳನ್ನು ಕಂಡೊಡನೆ ನರಿಯೆಂದು ತೀರ್ಮಾನಿಸುವ ಆತುರವೂ ಸಲ್ಲದು, ದನ, ಕುರಿ, ನಾಯಿ, ಬೆಕ್ಕುಗಳ ಕಣ್ಣೂ ಹಾಗೆಯೇ ಹೊಳೆಯುತ್ತವೆ.

ಆದ್ದರಿಂದ ಹುಡುಕಲು ಕೈಯಲ್ಲಿ ಹಿಡಿಯುವ ಥರ್ಮಲ್ ದೂರದರ್ಶಕ, ಗುರುತಿಸಿ ಗುರಿಯಿಡಲು ಕೋವಿಯ ಮೇಲೆ ಡಿಜಿಟಲ್ ಸ್ಕೋಪ್ ಎಂಬ ಜೋಡಿಯೇ ವಿವೇಕದ್ದೆಂದು ನನಗೆ ತೋರುತ್ತದೆ. ಖರ್ಚು ಉಳಿಸಲೆಂದು ಕೋವಿಯ ಮೇಲಿನ ಸ್ಕೋಪಿನಲ್ಲೇ ಬಯಲೆಲ್ಲ ಹುಡುಕುವವರ ನಳಿಗೆ, ಅಲ್ಲಿ ಬಿಸಿಯಾಗಿ ಕಾಣುವ ಪ್ರತಿಯೊಂದರತ್ತಲೂ ತಿರುಗಿರುತ್ತದೆ. ಅದರಲ್ಲಿ ಕತ್ತಲಲ್ಲಿ ನಡೆದು ಬರುತ್ತಿರುವ ಮನುಷ್ಯನೂ ಇರಬಹುದು. ಇದನ್ನು ಅನುಭವಸ್ಥರೆನಿಸಿಕೊಂಡವರೂ ಮಾಡುತ್ತಾರೆಂಬುದು ಬೇಸರದ ಸಂಗತಿ.

ತಯಾರಕರು ಪತ್ತೆ ದೂರದ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ, ನರಿಯಷ್ಟು ಎತ್ತರದ ಪ್ರಾಣಿಯನ್ನು ಗುರುತಿಸಬಲ್ಲ ದೂರವನ್ನೂ ಅಚ್ಚು ಮಾಡುವುದು ಕಡ್ಡಾಯವಾಗಬೇಕು. ಮನುಷ್ಯನ ಎತ್ತರವನ್ನು ಆಧಾರವಾಗಿಟ್ಟು ಲೆಕ್ಕ ಹಾಕಿದ ಅಂಕಿಯನ್ನು ನರಿ ಬೇಟೆಯವರಿಗೆ ಮಾರುವ ಪರಿಪಾಠವನ್ನು ನಿಲ್ಲಿಸಬೇಕು. ಇಂತಹ ಉಪಕರಣಗಳ ವಿಮರ್ಶೆ ಪ್ರಕಟಿಸುವ ಪತ್ರಿಕೆಗಳೂ ಈ ಗುರುತಿಸುವ ದೂರದ ಅಂಕಿಯನ್ನು ತಯಾರಕರಿಂದ ಕೇಳಿ ಪಡೆಯಲಿ. ಅವರು ಕೊಡದಿದ್ದರೆ ಕೊಡಲಿಲ್ಲವೆಂದೇ ಬರೆಯಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ