ಸೂಜಿ ಚುಚ್ಚಿದ ಹಾಳೆ

ಆಕ್ಸ್‌ಫರ್ಡ್

ಪ್ರೀತಿಯ ಅಮ್ಮನಿಗೆ ಮಗಳ ನಮಸ್ಕಾರಗಳು.

ನಾನು ಕ್ಷೇಮವಾಗಿದ್ದೇನೆ. ಹಾಸನದಲ್ಲಿ ನೀವೆಲ್ಲರೂ ಆರೋಗ್ಯವಾಗಿರುವಿರೆಂದು ನಂಬಿದ್ದೇನೆ. ಬೇಲೂರು, ಹಳೇಬೀಡು ಮನೆಯ ಹತ್ತಿರವೇ ಇರುವಾಗ ಕಲೆಯನ್ನು ಓದಲು ಅಷ್ಟು ದೂರ ಏಕೆ ಹೋಗಬೇಕಿತ್ತೆಂದು ನೀನು ಹಿಂದಿನ ಪತ್ರದಲ್ಲಿ ಕೇಳಿದ್ದೆ. ಮೊನ್ನೆಯ ಒಂದು ಪಾಠವನ್ನು ಹೇಳಿದರೆ ಅದಕ್ಕೆ ಉತ್ತರ ಸಿಗಬಹುದು.

ಇಲ್ಲಿನ ವಿಶ್ವವಿದ್ಯಾಲಯಕ್ಕೆ ಆಶ್ಮೋಲಿಯನ್ ಎಂಬ ಸ್ವಂತ ವಸ್ತುಸಂಗ್ರಹಾಲಯವಿದೆ. 1683ರಲ್ಲಿ ತೆರೆದದ್ದು, ಪ್ರವೇಶಕ್ಕೆ ಹಣ ಕೊಡಬೇಕಿಲ್ಲ. ಅದರ ರೇಖಾಚಿತ್ರಗಳ ಅಧ್ಯಯನ ಕೊಠಡಿಯಲ್ಲಿ, ಕೈ ತೊಳೆದು, ಪೆನ್ಸಿಲ್ ಮಾತ್ರ ಹಿಡಿದು ಕುಳಿತ ನಮ್ಮ ಮುಂದೆ, ಇಟಲಿಯ ಚಿತ್ರಕಾರ ರಾಫೆಲ್ 1520ರ ಸುಮಾರಿಗೆ, ತನ್ನ ಕೊನೆಯ ದಿನಗಳಲ್ಲಿ, ಬರೆದ ಇಬ್ಬರು ಕ್ರಿಸ್ತಶಿಷ್ಯರ ತಲೆ ಮತ್ತು ಕೈಗಳ ಚಿತ್ರವನ್ನು ತಂದಿಟ್ಟರು. ಏನು ಕಾಣುತ್ತದೆಂದಷ್ಟೇ ಕೇಳಿ ಅಧ್ಯಾಪಕಿ ಸುಮ್ಮನಾದರು. ಬಹಳ ಹೊತ್ತಿನ ಮೇಲೆ ರೇಖೆಗಳ ಅಡಿಯಲ್ಲಿ ಸಣ್ಣ ಚುಕ್ಕಿಗಳ ಸಾಲು ಕಂಡಿತು. ಕಸೂತಿ ಹಾಕುವ ಮುನ್ನ ನೀನು ಬಟರ್ ಪೇಪರಿನಲ್ಲಿ ಹೂಬಳ್ಳಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಹತ್ತಿಯುಂಡೆಯಿಂದ ಒರೆಸಿದಾಗ ಸೀರೆಯ ಮೇಲೆ ಮೂಡುತ್ತಿದ್ದವಲ್ಲ, ಅಂಥವೇ ಚುಕ್ಕಿಗಳು! ರಾಫೆಲನೂ ಚುಚ್ಚಿದ ಹಾಳೆಯ ಮೂಲಕ ಪುಡಿ ಹಾಯಿಸಿ ಆಕಾರವನ್ನು ಇಳಿಸಿಕೊಂಡು, ಆಮೇಲೆ ಕಪ್ಪು ಸೀಮೆಸುಣ್ಣದಿಂದ ಮುಖವನ್ನೂ ಬೆರಳುಗಳನ್ನೂ ತಿದ್ದಿದ್ದಾನೆ. ಪುಸ್ತಕದಲ್ಲಿ ಇದೇ ಚಿತ್ರವನ್ನು ಎಷ್ಟೋ ಸಲ ನೋಡಿದ್ದರೂ ಚುಕ್ಕಿಗಳು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಿನ್ನ ಕೆಲಸದ ಕ್ರಮವನ್ನು ನಾನು ವಿವರಿಸಿದಾಗ ಅಧ್ಯಾಪಕಿ ಅದನ್ನು ಬರೆದುಕೊಂಡರು.

ಆ ಕೊಠಡಿ ವಿದ್ಯಾರ್ಥಿಗಳಿಗಷ್ಟೇ ಮೀಸಲಲ್ಲ. ಮುಂಚಿತವಾಗಿ ತಿಳಿಸಿದರೆ ಯಾರು ಬೇಕಾದರೂ ಬಂದು ನೋಡಬಹುದು. ಪಕ್ಕದ ಮೇಜಿನಲ್ಲಿ ಊರಿನ ವೃದ್ಧರೊಬ್ಬರು ಒಂದೇ ಹಾಳೆಯ ಮುಂದೆ ಇಡೀ ಬೆಳಗ್ಗೆ ಕುಳಿತಿದ್ದರು. ಇಲ್ಲಿನ ರಾಫೆಲ್ ಮತ್ತು ಮೈಕೆಲೇಂಜಲೊ ಚಿತ್ರಗಳು 1846ರಲ್ಲಿ ಚಂದಾ ಎತ್ತಿದ ಹಣದಿಂದ ಬಂದವು, ಆದ್ದರಿಂದ ಈ ಬಾಗಿಲು ಹೀಗೆ ತೆರೆದಿರುವುದೇ ನ್ಯಾಯವೆಂದು ನನಗೆ ತೋರುತ್ತದೆ. ವೈದ್ಯಕೀಯ ಓದುತ್ತಿರುವ ತಮ್ಮನಿಗೂ ಒಂದು ಮಾತು ಹೇಳು: ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವೈದ್ಯ ವಿದ್ಯಾರ್ಥಿಗಳನ್ನು ಕಲಾ ಸಂಗ್ರಹಾಲಯಕ್ಕೆ ಕರೆದೊಯ್ದು ಚಿತ್ರಗಳನ್ನು ನೋಡಿಸುತ್ತಾರೆ, ರೋಗಿಯನ್ನು ಗಮನಿಸುವ ಕಣ್ಣು ಅದರಿಂದ ಚುರುಕಾಗುತ್ತದೆಂದು 2001ರಲ್ಲಿ ಅಲ್ಲಿನವರು ಪ್ರಕಟಿಸಿದ್ದಾರೆ.

ಶಾಲೆಯ ಪ್ರವಾಸದಲ್ಲಿ ಬೇಲೂರಿನ ಮದನಿಕೆಯರ ಕೆಳಗೆ ಅರ್ಧ ಗಂಟೆ ಓಡಾಡಿಬಂದ ನನಗೆ, ಬಳ್ಳಿಗಾವೆಯ ಶಿಲ್ಪಿಗಳಾದ ದಾಸೋಜ, ಚಾವಣರು ಅಲ್ಲಿ ತಮ್ಮ ಹೆಸರು ಕೊರೆದಿರುವುದನ್ನು ಯಾರೂ ತೋರಿಸಲಿಲ್ಲ. ನಿಂತು ನೋಡುವುದನ್ನು ಅಲ್ಲಿಯೇ ಕಲಿಸಬಹುದಿತ್ತು. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ ಮೈಸೂರು ವಿಶ್ವವಿದ್ಯಾಲಯ ಜಾನಪದ ವಸ್ತುಸಂಗ್ರಹಾಲಯವನ್ನು ಕಟ್ಟಿತು. ನಮ್ಮ ಹಾಸನದ ವಿಶ್ವವಿದ್ಯಾಲಯದ ಆವರಣವಾದ ಹೇಮಗಂಗೋತ್ರಿಯಲ್ಲೂ ಇಲ್ಲಿಯಂಥದ್ದೊಂದು ಅಧ್ಯಯನ ಕೊಠಡಿ ಆಗಬೇಕೆಂಬುದು ನನ್ನ ದೊಡ್ಡ ಆಸೆ. ಅಲ್ಲಿ ನಿನ್ನಂಥವರು ನೋಡುವುದಕ್ಕಷ್ಟೇ ಅಲ್ಲ, ಹೇಳಿಕೊಡುವುದಕ್ಕೂ ಬರಬೇಕು.

ಅಟ್ಟದ ಟ್ರಂಕಿನಲ್ಲಿರುವ ಹಳೆಯ ಹಾಳೆಗಳನ್ನು ದಯವಿಟ್ಟು ಎಸೆಯಬೇಡ. ತರಗತಿಯಲ್ಲಿ ತೋರಿಸಲು ಅಧ್ಯಾಪಕಿ ಒಂದನ್ನು ಕೇಳಿದ್ದಾರೆ. ಎಣ್ಣೆ ತಗುಲಿದ್ದು ಆಗುವುದಿಲ್ಲವಾದ್ದರಿಂದ ನವಿಲಿನ ವಿನ್ಯಾಸವನ್ನು ಹೊಸ ಹಾಳೆಯಲ್ಲಿ ಚುಚ್ಚಿ, ಮಡಿಸದೆ ಸುರುಳಿ ಸುತ್ತಿ ಅಂಚೆಗೆ ಹಾಕು. ಮೂಲೆಯಲ್ಲಿ ನಿನ್ನ ಹೆಸರು ಬರೆದಿರು.

ನಿನ್ನ ಪ್ರೀತಿಯ ಮಗಳು