‘ನರ್ವಸ್’ ಆದ ಹುಡುಗಿಗೆ ಆಗಿದ್ದೇನು?

ಬಸವನಗುಡಿ, ಬೆಂಗಳೂರು

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ. ಸಿಲ್ಕ್ ಬೋರ್ಡಿನಲ್ಲಿ 500ಡಿ ಬಸ್ಸು ಹತ್ತಿ ಮಾರತಹಳ್ಳಿಗೆ ಇಂಟರ್‌ವ್ಯೂಗೆ ಹೊರಟ ಹಾಸನದ ಹುಡುಗಿ ಇಷ್ಟವಾದಳು. ಕಂಡಕ್ಟರ್ ಆಡುವ ಮಾತಂತೂ ಭಲೇ ಚೆನ್ನಾಗಿದೆ. ಆದರೆ ಬಸ್ಸಿನಲ್ಲಿ, ರಿಸೆಪ್ಷನ್‌ನಲ್ಲಿ, ಕೊನೆಗೆ ಅಮ್ಮನಿಗೆ ಫೋನ್ ಮಾಡುವಾಗ, ಎಲ್ಲ ಕಡೆಯೂ ‘ಅವಳು ತುಂಬಾ ನರ್ವಸ್ ಆಗಿದ್ದಳು’ ಅಂತಲೇ ಬರೆದಿದ್ದೀಯ. ಮೂರೂ ಕಡೆ ಅವಳಿಗೆ ಆಗಿದ್ದು ಒಂದೇನಾ?

ಇಂಗ್ಲಿಷ್ ಪದ ಬಂತು ಅನ್ನೋದು ನನ್ನ ತಕರಾರಲ್ಲ. ಅವಳ ರೂಮ್‌ಮೇಟ್ ‘ನರ್ವಸ್ ಆಗ್ಬೇಡ ಕಣೇ’ ಅಂತಾಳಲ್ಲ, ಅದನ್ನು ಮುಟ್ಟಬೇಡ. ಈ ಊರಲ್ಲಿ ಜನ ಮಾತಾಡೋದೇ ಹಾಗೆ. ಕಥೆ ಹೇಳುವ ನೀನೇ ಹಾಗಂದಾಗ ಮಾತ್ರ ನನಗೆ ಕಿರಿಕಿರಿ.

ಈ ಪದಕ್ಕೆ ಒಂದು ತಮಾಷೆಯ ಹಿನ್ನೆಲೆ ಇದೆ, ಕೇಳು. ಇದು ಹುಟ್ಟಿದ್ದು ಸ್ನಾಯು, ನರ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ. 1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್‌ನ ಇಂಗ್ಲಿಷ್ ನಿಘಂಟಿನಲ್ಲಿ ಇದರ ಮೊದಲ ಅರ್ಥ ಗಟ್ಟಿಮುಟ್ಟು, ಬಲಶಾಲಿ. ನರ ದುರ್ಬಲವಾದವನು ಅನ್ನುವ ಅರ್ಥ ಕೊನೆಯಲ್ಲಿದೆ, ಅದೂ ವೈದ್ಯರ ವಲಯದ ಮಾತು ಅನ್ನುವ ಷರಾದೊಂದಿಗೆ. ಆಗ ಯಾರದಾದರೂ ಗದ್ಯವನ್ನು ‘ನರ್ವಸ್’ ಅಂದರೆ ಅದು ಹೊಗಳಿಕೆ, ಕಸುವುಳ್ಳ ಬರಹ ಅಂತ. ನಮ್ಮ ನರಪೇತಲ ಒಂದು ಕಾಲಕ್ಕೆ ಪೈಲ್ವಾನ್ ಆಗಿದ್ದ ಅಂದ ಹಾಗಾಯಿತು!

ಇವತ್ತಿನ ಇಂಗ್ಲಿಷಿನಲ್ಲೂ ಅದು ಎಲ್ಲದಕ್ಕೂ ಸಲ್ಲೋದಿಲ್ಲ. ಇನ್ನೇನು ನಡೆಯಲಿರುವುದರ ಅಳುಕಿಗೆ ನರ್ವಸ್. ದಿನಗಟ್ಟಲೆ ಕೊರೆಯುವ ಚಿಂತೆಗೆ ಆಂಕ್ಷಸ್. ಒಂದು ಕಡೆ ಕೂರಲಾಗದ ಚಡಪಡಿಕೆಗೆ ಜಿಟರಿ. ಮಾತಾಡಿಸಿದರೆ ಸಿಡಿಯುವಷ್ಟು ಬಿಗಿದುಕೊಂಡಿದ್ದರೆ ಎಡ್ಜಿ. ‘ನರ್ವಸ್ ಪರ್ಸನ್’ ಅಂದರೆ ಸಾಮಾನ್ಯವಾಗಿ ಸ್ವಭಾವದಲ್ಲೇ ಪುಕ್ಕಲು. ಇವತ್ತೊಂದು ದಿನ ಎದೆ ಡವಗುಟ್ಟಿತು ಅಂತ ನಿನ್ನ ಹುಡುಗಿಯನ್ನು ಪುಕ್ಕಲಿ ಅನ್ನೋಕಾಗುತ್ತಾ? ಮೂರು ಬಸ್ಸು ಬದಲಾಯಿಸಿ ಒಬ್ಬಳೇ ಬಂದವಳು ಅವಳು.

ಇನ್ನೊಂದು ವಿಷಯ ಗಮನಿಸು. ಕನ್ನಡದಲ್ಲಿ ನಾವು ‘ಅವಳಿಗೆ ಗಾಬರಿಯಾಯಿತು’, ‘ಅವಳಿಗೆ ದಿಗಿಲಾಯಿತು’ ಅನ್ನುತ್ತೇವೆ. ಭಯ ಎಲ್ಲಿಂದಲೋ ಬಂದು ಅವಳಿಗೆ ಆಗುತ್ತದೆ. ಟೆನ್ಶನ್ ಕೂಡ ಈ ದಾರಿಗೇ ಬಂದಿದೆ, ‘ಅವಳಿಗೆ ಟೆನ್ಶನ್ ಆಗಿದೆ’. ‘ಅವಳು ನರ್ವಸ್ ಆಗಿದ್ದಳು’ ಅಂದ ಕೂಡಲೇ ಅದು ಅವಳ ಗುಣದ ಹಾಗೆ ಅವಳಿಗೇ ಅಂಟಿಕೊಳ್ಳುತ್ತದೆ. ಎಲ್ಲಿಂದ ಬಂತು, ಯಾವಾಗ ಹೋಯಿತು ಅಂತ ಹೇಳುವ ಕೆಲಸ ನಿನಗೂ ತಪ್ಪುತ್ತದೆ.

ಬಸ್ಸಿನ ಭಾಗಕ್ಕೆ ಬಾ. ಅವಳು ಆಧಾರ್ ಕಾರ್ಡ್ ತೋರಿಸಿ ಫ್ರೀ ಟಿಕೆಟ್ ತಗೋತಾಳೆ. ಅಲ್ಲಿಗೆ ನೀನು ಮುಗಿಸಿಬಿಟ್ಟಿದ್ದೀಯ. ನಾನಾಗಿದ್ದರೆ ಆ ಕಾರ್ಡನ್ನು ಅವಳ ಕೈಯಲ್ಲೇ ಬಿಡುತ್ತಿದ್ದೆ. ಟಿಕೆಟ್ ಬಂದಾಗಿದೆ, ಕಂಡಕ್ಟರ್ ಹಿಂದಕ್ಕೆ ಹೋಗಿದ್ದಾನೆ, ಅಗರ ದಾಟಿ ಬೆಳ್ಳಂದೂರು ಬಂದರೂ ಕಾರ್ಡ್ ಪರ್ಸಿಗೆ ಹೋಗಿಲ್ಲ. ಬೆವರಿದ ಬೆರಳಿಗೆ ಪ್ಲಾಸ್ಟಿಕ್ ಅಂಟುತ್ತಿದೆ. ಪಕ್ಕದ ಹೆಂಗಸು ‘ಒಳಗಿಟ್ಕೊಳಮ್ಮ, ಬಿದ್ದೋಗತ್ತೆ’ ಅನ್ನಲಿ. ಅವಳು ‘ಹ್ಞೂ ಆಂಟಿ’ ಅಂದು, ಮತ್ತೆ ಹಾಗೇ ಹಿಡಿದುಕೊಂಡಿರಲಿ. ಇಷ್ಟಾದ ಮೇಲೆ ಯಾವ ಪದವೂ ಬೇಕಿಲ್ಲ ಅಲ್ವಾ?

ಎದೆ ಬಡಿತ, ಒಣಗಿದ ಬಾಯಿ, ತೊದಲುವ ನಾಲಿಗೆ, ಇವನ್ನೆಲ್ಲ ಒಟ್ಟಿಗೆ ಸುರಿಯಬೇಡ. ಹೊಸಬರು ಜಾಸ್ತಿ ಮಾಡುವ ತಪ್ಪು ಅದು. ಒಂದು ಸಾಕು.

ರಿಸೆಪ್ಷನ್‌ನಲ್ಲಿ ಅವಳಿಗೆ ಆಗೋದು ಬೇರೆ. ಅಲ್ಲಿ ಎಲ್ಲರೂ ಅವಳಿಗಿಂತ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದಾರೆ. ಅದು ಹೆದರಿಕೆಗಿಂತ ಹೆಚ್ಚಾಗಿ ಮುಜುಗರ, ಸ್ವಲ್ಪ ಕೀಳರಿಮೆಯೂ ಇರಬಹುದು. ಇನ್ನು ಫೋನಿನಲ್ಲಿ? ಇಂಟರ್‌ವ್ಯೂ ಮುಗಿದಿದೆ, ಅಮ್ಮ ‘ಏನಾಯ್ತು’ ಅಂತ ಕೇಳುತ್ತಿದ್ದಾಳೆ. ಅಲ್ಲಿರೋದು ಸುಳ್ಳು ಹೇಳಬೇಕಾದ ಕಸಿವಿಸಿ ಅಂತ ನನ್ನ ಅನುಮಾನ. ಹೌದೋ ಅಲ್ಲವೋ ನಿನಗೇ ಗೊತ್ತು. ಆ ಫೋನಿನ ಭಾಗವನ್ನು ಮೊದಲು ತಿದ್ದಿ ಕಳಿಸು. ಉಳಿದದ್ದಕ್ಕೆ ಅವಸರವಿಲ್ಲ.

ಪ್ರೀತಿಯಿಂದ,
ನಿನ್ನ ಅಕ್ಕ