ಕರೆಂಟು ಹೋದಾಗ, ಬಂದಾಗ

ಪ್ರೀತಿಯ ಪುಟ್ಟಿ,

ಜನರೇಟರ್‌ಗೆ ಯಾವ ಆಟೋ ಚೇಂಜ್‌ಓವರ್ ಹಾಕಿಸಲಿ, ಅಂದರೆ ಕರೆಂಟು ಹೋದರೆ ಮನೆಯನ್ನು ತಾನೇ ಜನರೇಟರಿಗೆ, ಬಂದರೆ ಮತ್ತೆ ಲೈನಿಗೆ ಬದಲಿಸುವ ಸ್ವಿಚ್ಚಿನ ಪ್ಯಾನಲ್ ಯಾವುದಿರಲಿ, ಅಂತ ಫೋನಿನಲ್ಲಿ ಕೇಳಿದೆಯಲ್ಲ, ಹಂಚಿನ ಮೇಲಿನ ಮಳೆಸದ್ದಿಗೆ ಅರ್ಧ ಕೇಳಲೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿಮ್ಮದಕ್ಕೆ ಸೆಲ್ಫ್ ಸ್ಟಾರ್ಟ್ ಇದೆಯಾ ನೋಡು. ಹಗ್ಗ ಎಳೆಯುವಂಥದ್ದಾದರೆ ಎಷ್ಟು ದುಡ್ಡಿನ ಪ್ಯಾನಲ್ ಹಾಕಿಸಿದರೂ ಅದನ್ನು ಎಬ್ಬಿಸಲು ಅಳಿಯಂದಿರೇ ಕೊಡೆ ಹಿಡಿದು ಹೋಗಬೇಕು.

ಅಂಗಡಿಯವನು 25 ಆಂಪ್ಸಿನ ಸ್ವಿಚ್ಚು ಸಾಕು ಅಂದನಂತೆ. ನಿಮ್ಮ 5 ಕೆವಿಎ ಜನರೇಟರ್ ಅಂದರೆ 230 ವೋಲ್ಟಿಗೆ 22 ಆಂಪ್ಸ್ ಹತ್ತಿರ, ಅವನ ಲೆಕ್ಕ ಜನರೇಟರ್‌ಗೆ ಸರಿ. ಆದರೆ ಕರೆಂಟಿರುವ ದಿನವೂ ಗೀಸರ್, ಬಾವಿ ಪಂಪು ಎಲ್ಲ ಅದೇ ಸ್ವಿಚ್ಚಿನ ಮೇಲೇ ಓಡುವುದು. ನಿಮ್ಮ ಮೇನ್ ಸ್ವಿಚ್ 40 ಆಂಪ್ಸಿನದಾದರೆ ಇದೂ 40ಕ್ಕೆ ಕಡಿಮೆ ಬೇಡ.

ಫೇಸ್ ಜೊತೆ ನ್ಯೂಟ್ರಲ್ಲೂ ಬದಲಾಗುವ ಎರಡು ಪೋಲಿನದ್ದೇ ಕೇಳು. ವೈರು ಕೊಡುವ ಮೊದಲೇ ಮುಚ್ಚಳ ತೆಗೆಸು. ಒಳಗೆ ಎರಡು ಕಾಂಟ್ಯಾಕ್ಟರ್ ಇರುತ್ತವೆ, ಒಂದು ಲೈನನ್ನು, ಇನ್ನೊಂದು ಜನರೇಟರನ್ನು ಮನೆಗೆ ಜೋಡಿಸುವ ಸ್ವಿಚ್ಚು. ಒಂದನ್ನು ಬೆರಳಲ್ಲಿ ಒತ್ತಿ ಹಿಡಿದರೆ ಇನ್ನೊಂದು ಒಳಗೆ ಹೋಗಲೇಬಾರದು. ಹೋದರೆ ಅಲ್ಲೇ ಬಿಟ್ಟು ಬಾ.

ಈ ಹಟಕ್ಕೆ ಕಾರಣವಿದೆ, ಎರಡೂ ಒಟ್ಟಿಗೆ ಒಳಗೆ ಹೋದರೆ ಜನರೇಟರಿನ ಕರೆಂಟು ಹೊರಗಿನ ಲೈನಿಗೆ ಹರಿಯುತ್ತದೆ. ನೀನು ಹೈಸ್ಕೂಲಿನಲ್ಲಿದ್ದಾಗ ಗಾಳಿಮಳೆಗೆ ನಾಲ್ಕು ದಿನ ಕರೆಂಟಿರಲಿಲ್ಲ. ಬಾಡಿಗೆ ಜನರೇಟರ್ ತಂದು, ವೈರಿನ ಎರಡೂ ತುದಿಗೆ ಪ್ಲಗ್ ಸಿಕ್ಕಿಸಿ, ಅಡಿಗೆಮನೆಯ ಸಾಕೆಟ್ಟಿಗೆ ಕೊಟ್ಟೆ. ಮೇನ್ ಆಫ್ ಮಾಡಲು ಮರೆತಿದ್ದೆ. ಊರಿನ ಲೋಡೆಲ್ಲ ಎಳೆದು ಜನರೇಟರ್ ಗೊರಗೊರ ಅಂದು ನಿಂತಿತು. ನಿಲ್ಲದಿದ್ದರೆ? ನಮ್ಮ ಮನೆಯ 230 ವೋಲ್ಟು ಟ್ರಾನ್ಸ್‌ಫಾರ್ಮರ್‌ಗೆ ಹಿಂದಿನಿಂದ ಹೊಕ್ಕರೆ ಮೇಲಿನ ಲೈನಿನಲ್ಲಿ 11 ಸಾವಿರ ಆಗುತ್ತದೆ. ಸಂಜೆ ಕಾಫಿಗೆ ಬಂದ ಲೈನ್‌ಮನ್, ಮಧ್ಯಾಹ್ನವೆಲ್ಲ ಆಚೆ ಕಂಬದ ಮೇಲಿದ್ದೆ ಅಂದ. ನಾನು ಲೋಟ ತೊಳೆಯುವ ನೆಪದಲ್ಲಿ ಎದ್ದು ಒಳಗೆ ಹೋದೆ. ನಿನ್ನ ಅಮ್ಮನಿಗೂ ಇದು ಗೊತ್ತಿಲ್ಲ.

ಇನ್ನೊಂದು. ನಿಮ್ಮಲ್ಲಿ ಸಂಜೆ ವೋಲ್ಟೇಜು 170ಕ್ಕೆ ಇಳಿಯುತ್ತದೆ ಅಂದಿದ್ದೆಯಲ್ಲ. ಪ್ಯಾನಲ್ಲಿನಲ್ಲಿ ಲೋ ವೋಲ್ಟೇಜ್ ಸೆಟ್ಟಿಂಗ್ 190ಕ್ಕೆ ಕೂತಿದ್ದರೆ ಕರೆಂಟಿದ್ದೂ ಜನರೇಟರ್ ದಿನಾ ಎದ್ದು ಡೀಸೆಲ್ ಕುಡಿಯುತ್ತದೆ. ಸೆಟ್ಟಿಂಗ್ ಬದಲಿಸಲು ಬರುವಂಥದ್ದನ್ನೇ ತಗೋ. ಕರೆಂಟು ಬಂದ ಮೇಲೂ ನಾಲ್ಕೈದು ನಿಮಿಷ ಕಾದು ಬದಲಾಗಲಿ, ನಮ್ಮ ಮಳೆಗಾಲದ ಕರೆಂಟು ನಿನಗೆ ಗೊತ್ತೇ ಇದೆ.

ನಿಮ್ಮ ಅತ್ತೆಯವರ ಆಕ್ಸಿಜನ್ ಯಂತ್ರವನ್ನು ಮಾತ್ರ ಇದರ ಮೇಲೆ ಬಿಡಬೇಡ. ಆಟೋ ಅಂದರೂ ಜನರೇಟರ್ ಎದ್ದು ನಿಲ್ಲುವಷ್ಟು ಹೊತ್ತು ಕತ್ತಲೆಯೇ. ಅದಕ್ಕೆ ಬೇರೆ ಇನ್ವರ್ಟರ್ ಇರಲಿ.

ಎಲೆಕ್ಟ್ರಿಷಿಯನ್ ಬರುವ ದಿನ ತಿಳಿಸು, ನಾನೂ ಬರುತ್ತೇನೆ. ಅಪ್ಪೆಮಿಡಿ ಭರಣಿ ಕಟ್ಟಿಟ್ಟಾಗಿದೆ.

ನಿನ್ನ
ಅಪ್ಪ